ಕ್ರೋಟನ್ ಕತ್ತಲ ಮೂಲೆಯ ಗಿಡವಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಕೈತೋಟದ ಪುಟದಲ್ಲಿ ಕ್ರೋಟನ್ ಬಗ್ಗೆ ಬಂದ ಬರಹ ಓದಿದೆ. ಫೋಟೋ ಚೆನ್ನಾಗಿದೆ, ಬರಹ ಓದಿಸಿಕೊಂಡೂ ಹೋಗುತ್ತದೆ. ಆದರೆ 'ಮನೆಯ ಕತ್ತಲ ಮೂಲೆಗೂ ಬಣ್ಣ ತುಂಬುವ, ಆರೈಕೆ ಬೇಡದ ಗಿಡ' ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದೀರಲ್ಲ, ಅದಕ್ಕೇ ಈ ಪತ್ರ. ಆ ಸಾಲು ನಂಬಿ ಗಿಡ ತಂದವರ ಕುಂಡದಲ್ಲಿ ಸ್ವಲ್ಪ ದಿನಕ್ಕೆ ಬರೀ ಕಡ್ಡಿ ಉಳಿಯುತ್ತದೆ. ಆಮೇಲೆ 'ನಮ್ಮ ಕೈಗುಣವೇ ಸರಿ ಇಲ್ಲ' ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಇದು ಕೈಗುಣದ ಮಾತಲ್ಲ, ಬೆಳಕಿನ ಮಾತು.

ನಾನು ಬರೆಯುವವನಲ್ಲ. ಆಫೀಸು, ಹೋಟೆಲುಗಳಿಗೆ ಕುಂಡದ ಗಿಡಗಳನ್ನು ಬಾಡಿಗೆಗೆ ಕೊಡುವವರ ಹತ್ತಿರ ಗಿಡ ನೋಡಿಕೊಳ್ಳುವ ಕೆಲಸ ನನ್ನದು. ನೀರು ಹಾಕುವುದು, ಎಲೆ ಒರೆಸುವುದು, ಸವರುವುದು, ಹುಳ ಬಿದ್ದರೆ ಔಷಧ ಹೊಡೆಯುವುದು, ಸೊರಗಿದ್ದನ್ನು ಎತ್ತಿಕೊಂಡು ಹೋಗಿ ಚೆನ್ನಾಗಿರುವುದನ್ನು ತಂದಿಡುವುದು. ಈ ಕೊನೆಯ ಕೆಲಸ ಇದೆಯಲ್ಲ, ಅದನ್ನು ಜನ ನೋಡುವುದೇ ಇಲ್ಲ. ಅಲ್ಲೇ ಇರುವುದು ಗುಟ್ಟು.

ದೊಡ್ಡ ಕಟ್ಟಡದ ಒಳಗೆ, ಲಿಫ್ಟಿನ ಪಕ್ಕ, ಕಿಟಕಿಯೇ ಇಲ್ಲದ ಜಾಗದಲ್ಲಿ ಕೆಂಪು ಹಳದಿ ಎಲೆಯ ಕ್ರೋಟನ್ ಝಗಝಗ ಅನ್ನುತ್ತಿರುತ್ತದೆ. ವರ್ಷವಿಡೀ ಹಾಗೇ ಇರುತ್ತದೆ. ನೋಡಿದವರು 'ಓ, ಇದಕ್ಕೆ ಬಿಸಿಲೇ ಬೇಡ' ಅಂದುಕೊಳ್ಳುತ್ತಾರೆ. ಅದೇ ಕುಂಡ, ಅದೇ ಜಾಗ ನಿಜ. ಗಿಡ ಮಾತ್ರ ಬೇರೆ. ಎರಡು ಮೂರು ವಾರಕ್ಕೊಮ್ಮೆ, ಬೆಳಿಗ್ಗೆ ಆಫೀಸಿಗೆ ಜನ ಬರುವ ಮೊದಲೇ, ನಾವು ಟ್ರಾಲಿಯಲ್ಲಿ ಹಳೆಯದನ್ನು ಇಳಿಸಿಕೊಂಡು ಹೊಸದನ್ನು ಹೊರಗಿನ ಅಲಂಕಾರದ ಕುಂಡದೊಳಗೆ ಕೂರಿಸಿ ಹೋಗಿರುತ್ತೇವೆ. ಇಳಿಸಿದ ಗಿಡ ನರ್ಸರಿಗೆ ವಾಪಸ್ ಹೋಗಿ ಹಸಿರು ನೆಟ್ಟಿನ ಕೆಳಗೆ ಬಹಳ ದಿನ ಸುಧಾರಿಸಿಕೊಳ್ಳುತ್ತದೆ. ಲಾಬಿಯಲ್ಲಿ ಕ್ರೋಟನ್ ಬದುಕುತ್ತಿಲ್ಲ ಸ್ವಾಮಿ, ನೆಂಟರ ಹಾಗೆ ಬಂದು ಹೋಗುತ್ತಿದೆ.

ಒಂದು ಕಡೆ ರಿಸೆಪ್ಷನ್ನಿನಲ್ಲಿ ಕೂರುವ ಹುಡುಗಿ ಕೇಳಿದ್ದಳು, "ಅಣ್ಣಾ, ಇದಕ್ಕೆ ಏನು ಹಾಕ್ತೀರಿ? ನಮ್ಮನೇಲಿ ತಂದಿದ್ದು ಎಲ್ಲಾ ಉದುರೋಯ್ತು."

"ಏನೂ ಹಾಕಲ್ಲಮ್ಮಾ, ಬದಲಾಯಿಸ್ತೀವಿ" ಅಂದೆ.

ಅವಳಿಗೆ ಮೊದಲು ನಗು ಬಂತು. ಆಮೇಲೆ, ಇಷ್ಟು ದಿನ ತನಗೆ ಗೊತ್ತೇ ಆಗಲಿಲ್ಲವಲ್ಲ ಅಂತ ಸ್ವಲ್ಪ ಸಿಟ್ಟೂ ಬಂತು. ನಿಮ್ಮ ಬರಹದ ಜೊತೆ ಹಾಕಿದ ಫೋಟೋ ಕೂಡ ಅಂಥದೇ ಒಂದು ಲಾಬಿಯದು ಅಂತ ನನ್ನ ಅನುಮಾನ. ಗಿಡದ ಹಿಂದೆ ಲಿಫ್ಟಿನ ಗುಂಡಿ ಕಾಣುತ್ತಿದೆ.

ಯಾಕೆ ಹೀಗೆ ಅಂತ ಹೇಳುತ್ತೇನೆ. ಇದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಗೊತ್ತಾಗುತ್ತದೆ. ಬೆಳಕು ಹಿಡಿದು ಎಲೆಗೆ ಊಟ ಮಾಡಿಕೊಡುವುದು ಅದರಲ್ಲಿರುವ ಹಸಿರು, ಅಂದರೆ ಕ್ಲೋರೋಫಿಲ್. ಹಳದಿ, ಕಿತ್ತಳೆ ಬಣ್ಣ ಬರುವುದು ಕೆರೋಟಿನಾಯ್ಡ್‌ಗಳಿಂದ. ಕೆಂಪು, ನೇರಳೆ ಬರುವುದು ಆಂಥೋಸಯನಿನ್‌ನಿಂದ. ಕ್ರೋಟನ್ ಎಲೆಯಲ್ಲಿ ಹಳದಿ ಪಟ್ಟೆ ಇರುವ ಕಡೆ ಹಸಿರು ಕಡಿಮೆ. ಅಂದರೆ ಅಷ್ಟು ಜಾಗ ದುಡಿಯುವುದೂ ಕಡಿಮೆ. ಅದೇ ಗಾತ್ರದ ಪೂರ್ತಿ ಹಸಿರು ಗಿಡಕ್ಕಿಂತ ಈ ಬಣ್ಣದ ಗಿಡಕ್ಕೆ ಹೊಟ್ಟೆ ತುಂಬಬೇಕಾದರೆ ಬೆಳಕು ಜಾಸ್ತಿ ಬೇಕು. ನಾವು ಮಾಡುವುದೇ ಉಲ್ಟಾ. ಹಸಿರು ಗಿಡವನ್ನು ಕಿಟಕಿಯ ಹತ್ತಿರ ಇಡುತ್ತೇವೆ, ಬಣ್ಣದ್ದನ್ನು ಮೂಲೆಗೆ ಬಣ್ಣ ಬರಲಿ ಅಂತ ಮೂಲೆಗೆ ಇಡುತ್ತೇವೆ.

ಮೂಲೆಯಲ್ಲಿ ಗಿಡ ಏನು ಮಾಡುತ್ತದೆ? ಸಿಕ್ಕ ಚೂರು ಬೆಳಕನ್ನೂ ಬಿಡಬಾರದು ಅಂತ ಹೊಸ ಎಲೆಗೆ ಹಸಿರು ಜಾಸ್ತಿ ತುಂಬಿಕೊಳ್ಳುತ್ತದೆ. ಕೆಂಪು ಆಂಥೋಸಯನಿನ್ ಬಿರುಬಿಸಿಲಿನಿಂದ ಎಲೆಯನ್ನು ಕಾಪಾಡುತ್ತದೆ. ಬಿಸಿಲೇ ಇಲ್ಲದ ಕಡೆ ಗಿಡ ಅದನ್ನು ಮಾಡಿಕೊಳ್ಳುವುದೂ ಕಡಿಮೆ. ಹಾಗಾಗಿ ಹೊಸ ಎಲೆಗಳು ಮಂಕು ಹಸಿರಾಗಿ ಬರುತ್ತವೆ. ಬಣ್ಣದ ಎಲೆ ನೋಡಿ ತಂದ ಗಿಡದಲ್ಲಿ ಕೆಲವು ತಿಂಗಳಿಗೆ ಬಣ್ಣವೇ ಇರುವುದಿಲ್ಲ. ಎಲೆ ಬಣ್ಣಕ್ಕೆಂದೇ ಬೆಳೆಸುವ ಬೇರೆ ಪೊದೆಗಳೂ ಹೀಗೇ. ಅಕಾಲಿಫಾ, ಹಳದಿ ಎಲೆಯ ಡ್ಯುರಾಂಟಾ ಎಲ್ಲ ನೆರಳಿಗೆ ಬಂದರೆ ಹಸಿರಿಗೆ ತಿರುಗುತ್ತವೆ.

ಇನ್ನೊಂದು ವಿಷಯ ಇದೆ. ಇದನ್ನು ಗಿಡದ ಪಕ್ಕ ಕೂತು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಪೆಟ್ರಾ ಅನ್ನುವ ಅಗಲ ಎಲೆಯ ಜಾತಿ ತೆಗೆದುಕೊಳ್ಳಿ. ಎಲ್ಲಾ ಕಡೆ ಸಿಗುವುದು ಅದೇ. ತುದಿಯಲ್ಲಿ ಈಗಷ್ಟೇ ಬಿಚ್ಚಿಕೊಂಡ ಎಲೆ ಹಸಿರು, ನರಗಳು ಮಾತ್ರ ಹಳದಿ. ಅದರ ಕೆಳಗಿನ ಸುತ್ತಿನಲ್ಲಿ ಹಳದಿ ಗಾಢವಾಗಿ ಕಿತ್ತಳೆಯ ಕಡೆಗೆ ಹೊರಟಿರುತ್ತದೆ. ಇನ್ನೂ ಕೆಳಗೆ ಬಂದರೆ ನಡುನರ ಕೆಂಪು, ಅಂಚೂ ಕೆಂಪು, ಮಧ್ಯದ ಹಸಿರು ಕಪ್ಪಿಗೆ ತಿರುಗಿರುತ್ತದೆ. ಅಂದರೆ ಒಳ್ಳೆಯ ಬಣ್ಣ ಇರುವುದೆಲ್ಲ ವಯಸ್ಸಾದ ಎಲೆಯಲ್ಲಿ. ಗಿಡಕ್ಕೆ ತೊಂದರೆಯಾದಾಗ ಮೊದಲು ಉದುರುವುದೂ ಹೆಚ್ಚಾಗಿ ಅದೇ ಕೆಳಗಿನ ಎಲೆ. ಬೆಳಕು ಕಮ್ಮಿಯಾದರೆ ಹೀಗೆ ಎರಡೂ ಕಡೆಯಿಂದ ಏಟು. ಇರುವ ಬಣ್ಣ ಉದುರುತ್ತದೆ, ಹೊಸದಾಗಿ ಬರುವುದು ಬಣ್ಣವಿಲ್ಲದೆ ಬರುತ್ತದೆ.

'ನಮ್ಮ ಹಾಲಿನಲ್ಲಿ ಬೆಳಕು ಚೆನ್ನಾಗೇ ಇದೆ, ಪೇಪರ್ ಓದಬಹುದು' ಅಂತ ಹೇಳುವವರಿದ್ದಾರೆ. ನಮ್ಮ ಕಣ್ಣು ಇದರಲ್ಲಿ ದೊಡ್ಡ ಮೋಸಗಾರ. ಕತ್ತಲಾದರೂ ಹೊಂದಿಕೊಂಡು ಬಿಡುತ್ತದೆ. ಬೆಳಕು ಅಳೆಯುವುದು ಲಕ್ಸ್ ಲೆಕ್ಕದಲ್ಲಿ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಬೆಳಕು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಹಗಲು ಹೊತ್ತು ಹೊರಗಿನ ತೆರೆದ ನೆರಳಿನಲ್ಲೂ 10 ಸಾವಿರದ ಆಸುಪಾಸು ಸಿಗುತ್ತದೆ. ಚೆನ್ನಾಗಿ ದೀಪ ಹಾಕಿದ ಆಫೀಸಿನ ಮೇಜಿನ ಮೇಲೆ ಇರುವುದು 300ರಿಂದ 500. ನಮಗೆ ಅಷ್ಟು ಧಾರಾಳ ಸಾಕು. ಕ್ರೋಟನ್‌ಗೆ ಅದು ಉಪವಾಸ. ಈಗ ಫೋನಿನಲ್ಲೇ ಬೆಳಕು ಅಳೆಯುವ ಆ್ಯಪ್ ಸಿಗುತ್ತದೆ. ಕರಾರುವಾಕ್ಕಾಗಿ ಇರುವುದಿಲ್ಲ, ಆದರೆ ಕಿಟಕಿಯ ಪಕ್ಕ ಒಮ್ಮೆ, ಅಲ್ಲಿಂದ ನಾಲ್ಕು ಹೆಜ್ಜೆ ಒಳಗೆ ಒಮ್ಮೆ ಹಿಡಿದು ನೋಡಿ. ಅಂಕಿ ಹೇಗೆ ದಬಕ್ಕನೆ ಇಳಿಯುತ್ತದೆ ಅಂತ ನೋಡಿದ ಮೇಲೆ ಕುಂಡ ಎಲ್ಲಿಡಬೇಕು ಅಂತ ನನ್ನನ್ನು ಕೇಳಬೇಕಾಗಿಲ್ಲ. ಆ್ಯಪ್ ಬೇಡದವರು ನಡುಮಧ್ಯಾಹ್ನ ಎಲೆಯ ಮೇಲೆ ಅಂಗೈ ಹಿಡಿಯಿರಿ. ನೆರಳಿನ ಅಂಚು ಸ್ಪಷ್ಟವಾಗಿ ಬಿದ್ದರೆ ಜಾಗ ಸರಿ. ಮಸುಕು ಮಸುಕಾಗಿ ಬಿದ್ದರೆ ಇನ್ನೂ ಕಿಟಕಿಯ ಹತ್ತಿರ ತನ್ನಿ. ನೆರಳೇ ಬೀಳದಿದ್ದರೆ ಅಲ್ಲಿ ಕ್ರೋಟನ್ ಬೇಡ. ಕಮ್ಮಿ ಬೆಳಕು ತಾಳುವ ಜೀಜೀ ಗಿಡವನ್ನೋ ಮನಿ ಪ್ಲಾಂಟನ್ನೋ ಇಡಿ.

'ಇದು ಇಂಡೋರ್ ಗಿಡ ಅಂತ ಚೀಟಿ ಅಂಟಿಸಿರುತ್ತಾರಲ್ಲ' ಅಂತ ಕೇಳಬಹುದು. ಇದರ ಹುಟ್ಟೂರು ಇಂಡೋನೇಷ್ಯಾ, ಮಲೇಷ್ಯಾದ ಕಡೆಯಿಂದ ಪಪುವಾ ನ್ಯೂಗಿನಿ, ಉತ್ತರ ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳವರೆಗೆ. ಬಿಸಿ, ತೇವ, ಬೆಳಕು ಮೂರೂ ಧಾರಾಳವಾಗಿರುವ ಸೀಮೆ. ನೆಲದಲ್ಲಿ ಬಿಟ್ಟರೆ ಆಳೆತ್ತರ ದಾಟಿ 3 ಮೀಟರ್‌ವರೆಗೂ ಹೋಗುತ್ತದೆ. 1860ರ ದಶಕದಲ್ಲಿ ಪೆಸಿಫಿಕ್ ದ್ವೀಪಗಳಿಂದ ಇದರ ಬಣ್ಣಬಣ್ಣದ ತಳಿಗಳನ್ನು ಇಂಗ್ಲೆಂಡಿಗೆ ಒಯ್ದವರಲ್ಲಿ ಅಲ್ಲಿನ ನರ್ಸರಿ ಮನೆತನದ ಜಾನ್ ಗೌಲ್ಡ್ ವೀಚ್ ಒಬ್ಬರು. ಅಲ್ಲಿನ ಚಳಿಗೆ ಇದು ಹೊರಗೆ ಉಳಿಯಲ್ಲ. ಅದಕ್ಕೇ ಬಿಸಿ ಮಾಡಿದ ಗಾಜಿನ ಮನೆಯಲ್ಲಿ ಬೆಳೆಸಿದರು. ಆ 'ಒಳಗೆ' ಅಂದರೆ ತಲೆಯ ಮೇಲೂ ಗಾಜು, ಸುತ್ತಲೂ ಗಾಜು. ನಮ್ಮ ಸೋಫಾದ ಹಿಂದಿನ ಸಂದಿ ಅಲ್ಲ. ಚಳಿ ಇಲ್ಲದ ಕಡೆ ಇದನ್ನು ಒಳಗೆ ಇಡಲೇಬೇಕು ಅನ್ನುವ ಹಣೆಬರಹ ಏನೂ ಇಲ್ಲ.

ಹಾಗಂತ ಈ ಪತ್ರ ಓದಿದ ತಕ್ಷಣ ಮೂಲೆಯಲ್ಲಿದ್ದ ಗಿಡ ಎತ್ತಿ ಉರಿಬಿಸಿಲಿಗೆ ಇಡಬೇಡಿ ಮತ್ತೆ. ನೆರಳಿನಲ್ಲಿ ಹುಟ್ಟಿದ ಎಲೆ ತೆಳು. ಬಿಸಿಲಿಗೆ ಒಡ್ಡಿದರೆ ಒಂದೆರಡು ದಿನದಲ್ಲೇ ಬಿಳಿಚಿಕೊಂಡು, ಒಣ ಕಾಗದದ ಹಾಗೆ ಕಂದು ಮಚ್ಚೆ ಬೀಳುತ್ತದೆ. ಆ ಮಚ್ಚೆ ಮತ್ತೆ ಹೋಗಲ್ಲ. ಮೊದಲು ಕಿಟಕಿಯ ಹತ್ತಿರ ತನ್ನಿ. ಆಮೇಲೆ ಬೆಳಗಿನ ಎಳೆ ಬಿಸಿಲು ಬೀಳುವ ಜಾಗ. ಹೀಗೆ ಎರಡು ಮೂರು ವಾರ ತೆಗೆದುಕೊಳ್ಳಿ. ಬೆಳಗಿನ ಬಿಸಿಲು ಮೂರು ನಾಲ್ಕು ತಾಸು, ಮಧ್ಯಾಹ್ನ ಸೋಸಿದ ಬೆಳಕು ಸಿಕ್ಕರೆ ಕುಂಡದ ಕ್ರೋಟನ್‌ಗೆ ಅದಕ್ಕಿಂತ ಸುಖ ಇಲ್ಲ. ನರ್ಸರಿಯಲ್ಲಿ ನಾವು ಅರ್ಧ ಬಿಸಿಲು ತಡೆಯುವ ನೆಟ್ ಕಟ್ಟುವುದು ಇದಕ್ಕೇ.

ಜಾಗ ಬದಲಾದಾಗ ಎಲೆ ಉದುರುವುದಕ್ಕೆ ಹೆದರಬೇಡಿ. ಕ್ರೋಟನ್ ಸ್ವಲ್ಪ ಮುನಿಸಿಕೊಳ್ಳುವ ಜಾತಿ. ನರ್ಸರಿಯಿಂದ ಮನೆಗೆ ಬಂದರೂ ಒಂದಷ್ಟು ಉದುರಿಸುತ್ತದೆ, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೂ ಉದುರಿಸುತ್ತದೆ. ಆಗ ಜನ ಗಾಬರಿಯಲ್ಲಿ ಮತ್ತೆ ಜಾಗ ಬದಲಾಯಿಸುತ್ತಾರೆ, ಜೊತೆಗೆ ಎರಡು ಚೊಂಬು ನೀರು, ಒಂದು ಹಿಡಿ ಗೊಬ್ಬರ. ಅದಕ್ಕಿಂತ ಸುಮ್ನೆ ಬಿಟ್ಟುಬಿಡುವುದು ಮೇಲು. ಒಳ್ಳೆ ಜಾಗ ನೋಡಿ ಇಟ್ಟ ಮೇಲೆ ಅದನ್ನು ಅಲ್ಲಾಡಿಸಬೇಡಿ.

ನೀರಿನ ಬಗ್ಗೆ ನಿಮ್ಮ ಬರಹದಲ್ಲಿ 'ದಿನಾ ತಪ್ಪದೆ' ಅಂತ ಇದೆ. ಯಾವ ಗಿಡಕ್ಕೂ ಹಾಗೆ ಕಣ್ಣು ಮುಚ್ಚಿ ಹೇಳಬಾರದು. ಬೆರಳಿನ ಮೊದಲ ಗೆಣ್ಣಿನಷ್ಟು ಆಳ ಮಣ್ಣಿನೊಳಗೆ ಇಳಿಸಿ ನೋಡಿ. ಅಲ್ಲಿ ಒಣಗಿದ್ದರೆ ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ, ಒದ್ದೆ ಇದ್ದರೆ ಹಾಕಬೇಡಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ಕೆಲಸದಲ್ಲಿ ನಾನು ಬೆರಳಿಗಿಂತ ಹೆಚ್ಚು ನಂಬುವುದು ತೂಕವನ್ನು. ಕುಂಡವನ್ನು ಒಂದು ಕಡೆಯಿಂದ ಸ್ವಲ್ಪ ಎತ್ತಿದರೆ ಸಾಕು, ಹಗುರಾಗಿದೆಯಾ ಭಾರ ಇದೆಯಾ ಗೊತ್ತಾಗಿಬಿಡುತ್ತದೆ. ಒಂದು ತೊಡಕು ಏನಂದರೆ, ನೀರು ಕಮ್ಮಿಯಾದರೂ ಎಲೆ ಜೋತು ಬೀಳುತ್ತದೆ, ಜಾಸ್ತಿಯಾಗಿ ಬೇರು ಕೊಳೆತರೂ ಜೋತು ಬೀಳುತ್ತದೆ. ಜೋತು ಬಿದ್ದಿದೆ ಅಂತ ನೋಡಿದ ಕೂಡಲೇ ಚೊಂಬು ಎತ್ತುವವರೇ ಜಾಸ್ತಿ. ಮಣ್ಣು ಒದ್ದೆ ಇದ್ದೂ ಎಲೆ ಜೋತಿದ್ದರೆ ಕುಂಡದಿಂದ ಹೊರಗೆ ತೆಗೆದು ಬೇರು ನೋಡಿ. ಬಿಳಿಯಾಗಿ ಗಟ್ಟಿ ಇದ್ದರೆ ಸರಿ. ಕಂದಾಗಿ, ಮುಟ್ಟಿದರೆ ಸಿಪ್ಪೆ ಜಾರಿ, ವಾಸನೆ ಬಂದರೆ ಕೊಳೆತಿದೆ. ಕೊಳೆತದ್ದನ್ನು ಕತ್ತರಿಸಿ ಹೊಸ ಮಣ್ಣಿಗೆ ಹಾಕಿ. ಮಣ್ಣು ಹೇಗಿರಬೇಕು ಅಂದರೆ, ಹಿಡಿಯಲ್ಲಿ ಹಿಚುಕಿ ಬಿಟ್ಟರೆ ಉಂಡೆಯಾಗಿ ನಿಲ್ಲದೆ ಪುಡಿಪುಡಿ ಉದುರಬೇಕು. ಅಷ್ಟಾದರೆ ಸಾಕು.

ಚಳಿ ಇದಕ್ಕೆ ಆಗಲ್ಲ. 15 ಡಿಗ್ರಿಗಿಂತ ಮೇಲಿದ್ದರೆ ನೆಮ್ಮದಿ, 10ರ ಕೆಳಗೆ ಇಳಿದರೆ ಎಲೆ ಉದುರಲು ಶುರು. ಎಸಿ ಗಾಳಿ ನೇರ ಬಡಿಯುವ ಜಾಗವೂ ಬೇಡ. ತಂಪಿಗಿಂತ ಅಲ್ಲಿನ ಒಣಗಾಳಿಯೇ ದೊಡ್ಡ ತೊಂದರೆ. ಎಲೆಯ ತುದಿ, ಅಂಚು ಸುಟ್ಟ ಹಾಗೆ ಆಗುತ್ತದೆ. ಅದರ ಹಿಂದೆಯೇ ಕೆಂಪು ನುಸಿ ಬರುತ್ತದೆ.

ಈ ನುಸಿಯ ಬಗ್ಗೆ ನಿಮ್ಮ ಬರಹದಲ್ಲಿ ಒಂದಕ್ಷರ ಇಲ್ಲ. ಕ್ರೋಟನ್ ಬಣ್ಣ ಮಂಕಾಗಿ, ಧೂಳು ಕೂತ ಹಾಗೆ ಕಂಡು, ಒರೆಸಿದರೂ ಹೋಗದಿದ್ದರೆ ಎಲೆ ಮಗುಚಿ ನೋಡಿ. ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಚುಕ್ಕಿ, ತೊಟ್ಟಿನ ಹತ್ತಿರ ತೆಳ್ಳನೆ ಬಲೆ. ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ಎಲೆಯನ್ನು ತಟ್ಟಿ. ಉದುರಿದ ಚುಕ್ಕಿಗಳು ಹರಿದಾಡಿದರೆ ಅದೇ ನುಸಿ. ಮೊದಲ ಔಷಧ ನೀರು. ಕುಂಡವನ್ನು ಓರೆ ಮಾಡಿ ಎಲೆಯ ಕೆಳಭಾಗಕ್ಕೆ ಜೋರಾಗಿ ಪೈಪಿನಲ್ಲಿ ಹೊಡೆಯಿರಿ. ಕೆಲವು ದಿನ ಬಿಟ್ಟು ಮತ್ತೆ ಹೊಡೆಯಿರಿ. ಅದಕ್ಕೂ ಬಗ್ಗದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎಣ್ಣೆ ನೀರಿನಲ್ಲಿ ಬೆರೆಯಲು ಕೆಲವು ಹನಿ ಸೋಪಿನ ದ್ರಾವಣ. ಸಂಜೆ ಹೊತ್ತು ಹೊಡೆಯಬೇಕು, ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಮೊದಲು ಒಂದೆರಡು ಎಲೆಗೆ ಹಾಕಿ ನೋಡಿ. ಬಿಳಿ ಹತ್ತಿಯ ಚೂರಿನಂತೆ ಕಾಣುವ ಹಿಟ್ಟು ತಿಗಣೆ ಕೂರುವುದು ಎಲೆ ಕಾಂಡ ಸೇರುವ ಸಂದಿಯಲ್ಲಿ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಹೋಗುತ್ತದೆ. ಕಾಂಡಕ್ಕೆ ಕಂದು ಚಿಪ್ಪಿನ ಹಾಗೆ ಅಂಟಿರುವುದು ಶಲ್ಕ ಕೀಟ. ಅದನ್ನು ಉಗುರಿನಿಂದ ಕೆರೆದು ತೆಗೆದು ಆಮೇಲೆ ಎಣ್ಣೆ ಹೊಡೆಯಿರಿ.

ಎಲೆ ಒರೆಸುವಾಗ ಅಂಗೈಯನ್ನು ಎಲೆಯ ಕೆಳಗೆ ಆನಿಸಿ, ಒದ್ದೆ ಬಟ್ಟೆಯಿಂದ ತೊಟ್ಟಿನಿಂದ ತುದಿಯ ಕಡೆಗೆ ಎಳೆಯಬೇಕು. ಹಾಲು, ಎಣ್ಣೆ, ಹೊಳಪಿನ ಸ್ಪ್ರೇ ಏನೂ ಬೇಡ. ಕ್ರೋಟನ್ ಎಲೆಗೆ ಹುಟ್ಟಿನಿಂದಲೇ ಹೊಳಪು ಇದೆ, ಧೂಳು ಹೋದರೆ ಕಾಣುತ್ತದೆ.

ಈಗ ನಿಮ್ಮ ಬರಹದ 'ಗಿಡ್ಡಗೆ, ಒತ್ತಾಗಿ ತಾನೇ ಬೆಳೆಯುತ್ತದೆ' ಅನ್ನುವ ಮಾತಿಗೆ ಬರುತ್ತೇನೆ. ತರುವಾಗ ಒತ್ತಾಗಿ ಕಾಣುತ್ತದೆ, ಒಪ್ಪುತ್ತೇನೆ. ಎಲೆ ಸರಿಸಿ ಬುಡ ನೋಡಿದ್ದೀರಾ? ಒಂದೇ ಕುಂಡದಲ್ಲಿ ಮೂರೋ ನಾಲ್ಕೋ ಕಡ್ಡಿ ನೆಟ್ಟಿರುತ್ತಾರೆ. ಒಂದೊಂದೂ ಬೇರೆ ಗಿಡ. ಒಟ್ಟಿಗೆ ನೋಡಿದರೆ ಪೊದೆ. ಇದು ಮೋಸ ಅಲ್ಲ, ಮಾರುವವರ ರೂಢಿ. ಇದಲ್ಲದೆ ಕುಂಡದ ಗಿಡಗಳಿಗೆ ಕೆಲವು ಬೆಳೆಗಾರರು ಬೆಳವಣಿಗೆ ತಡೆಯುವ ಔಷಧವನ್ನೂ ಕೊಡುತ್ತಾರೆ. ಪ್ಯಾಕ್ಲೋಬ್ಯುಟ್ರಜೋಲ್ ಅಂಥದೊಂದು. ಗೆಣ್ಣಿನಿಂದ ಗೆಣ್ಣಿಗೆ ಇರುವ ಅಂತರ ಕಡಿಮೆಯಾಗಿ ಗಿಡ ಗಿಡ್ಡಗೆ ಕಾಣುತ್ತದೆ. ಅದರ ಪ್ರಭಾವ ಇಳಿದ ಮೇಲೆ ಗಿಡ ತನ್ನ ಎತ್ತರಕ್ಕೆ ಹೊರಡುತ್ತದೆ. ಬೆಳಕು ಕಮ್ಮಿ ಇರುವ ಮನೆಯಲ್ಲಂತೂ ಬೆಳಕಿನ ಕಡೆ ಕತ್ತು ಚಾಚಿಕೊಂಡು ಸಣಕಲಾಗಿ ಓಡುತ್ತದೆ.

ಹಾಗಾದರೆ ಗಿಡ್ಡಗೆ ಇಡುವುದು ಹೇಗೆ? ಕತ್ತರಿಯಿಂದ. ಬೇರೆ ದಾರಿ ಇಲ್ಲ. ಕ್ರೋಟನ್ ಕೊಂಬೆಯ ಕುಡಿ ಇರುವವರೆಗೆ ಅದು ಕೆಳಗಿನ ಮೊಗ್ಗುಗಳನ್ನು ಮಲಗಿಸಿಟ್ಟಿರುತ್ತದೆ. ಕುಡಿ ಹೋದರೆ ಕೆಳಗಿನ ಎರಡು ಮೂರು ಗೆಣ್ಣಿನಲ್ಲಿ ಕವಲು ಎದ್ದೇಳುತ್ತದೆ. ಆ ಕವಲುಗಳು ನಾಲ್ಕೈದು ಎಲೆ ಬಿಟ್ಟ ಮೇಲೆ ಅವುಗಳ ಕುಡಿಯನ್ನೂ ಚಿವುಟಿ. ಒಂದು ಕೊಂಬೆ ಎರಡು ಮೂರಾಗಿ, ಅವು ಮತ್ತೆ ಕವಲೊಡೆದು ಗಿಡ ದುಂಡಗಾಗುತ್ತದೆ. ಕತ್ತರಿಸುವುದು ಗೆಣ್ಣಿನಿಂದ ಸ್ವಲ್ಪವೇ ಮೇಲೆ, ಗಿಡ ಚಿಗುರುವ ಹುರುಪಿನಲ್ಲಿರುವಾಗ. ಚಳಿಯಲ್ಲಿ, ಸೊರಗಿದ ಗಿಡದಲ್ಲಿ ಕತ್ತರಿ ಆಡಿಸಬೇಡಿ. ಒಂದೇ ಸಲ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯುವುದೂ ಬೇಡ.

ಗಾಯಕ್ಕೆ ಹಾಲು ಬರುತ್ತದೆ, ಎಚ್ಚರ. ಈ ಹಾಲು ಬಟ್ಟೆಗೆ ಬಿದ್ದರೆ ಕಂದು ಕಲೆ, ಎಷ್ಟು ತೊಳೆದರೂ ಹೋಗಲ್ಲ. ನನ್ನ ಕೆಲಸದ ಅಂಗಿಯ ತೋಳು ನೋಡಿದರೆ ಗೊತ್ತಾಗುತ್ತದೆ. ಕೆಲವರಿಗೆ ಚರ್ಮ ತುರಿಸಿ ಗಂಧೆ ಏಳುತ್ತದೆ. ದಿನಾ ಮುಟ್ಟುವ ನಮ್ಮಂಥವರಲ್ಲಿ ಇದು ಜಾಸ್ತಿ, ಅದಕ್ಕೇ ಕೈಗವಸು ಹಾಕುತ್ತೇವೆ. ಕಣ್ಣಿಗಂತೂ ತಾಕಲೇಬಾರದು. ಎಲೆ ಅಗಿದರೆ ಬಾಯಿ ಉರಿದು ಹೊಟ್ಟೆ ಕೆಡುತ್ತದೆ. ತೆವಳುವ ಮಗು, ಸಿಕ್ಕಿದ್ದನ್ನೆಲ್ಲ ಕಚ್ಚುವ ನಾಯಿ, ಬೆಕ್ಕು ಇರುವ ಮನೆಯಲ್ಲಿ ಕುಂಡ ನೆಲದ ಮೇಲೆ ಬೇಡ. ಬೇರೆ ಏನು ಬಿಟ್ಟರೂ ಈ ಮಾತನ್ನು ನೀವು ಬಿಡಬಾರದಿತ್ತು. ಜಾಗ ಸಾಲದಿದ್ದರೆ ಗಿಡ ಕೊಡುವ ಆಮ್ಲಜನಕದ ಬಗ್ಗೆ ಬರೆದ ಉದ್ದದ ಪ್ಯಾರಾ ತೆಗೆಯಬಹುದಿತ್ತು.

ಕತ್ತರಿಸಿದ ತುದಿಗಳನ್ನು ಎಸೆಯಬೇಡಿ. ಪೆನ್ಸಿಲ್ ದಪ್ಪದ, ಗೇಣಿಗಿಂತ ಸ್ವಲ್ಪ ಚಿಕ್ಕದಾದ ತುದಿ ಸಾಕು. ಹಾಲು ನಿಲ್ಲುವವರೆಗೆ ನೀರಿನಲ್ಲಿ ಅದ್ದಿಡಿ. ಕೆಳಗಿನ ಎಲೆ ತೆಗೆದು, ಮೇಲಿನ ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ. ಬೇರು ಬರಿಸುವ ಪುಡಿ ಇದ್ದರೆ ಹಚ್ಚಿ, ಇಲ್ಲದಿದ್ದರೂ ನಡೆಯುತ್ತದೆ. ಮರಳು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ. ಬೆಚ್ಚಗಿದ್ದರೆ 4ರಿಂದ 6 ವಾರದಲ್ಲಿ ಬೇರು. ಹಗುರವಾಗಿ ಎಳೆದಾಗ ಕಡ್ಡಿ ಹಿಡಿದುಕೊಂಡರೆ ಬೇರು ಬಂದಿದೆ ಅಂತ. ಬರೀ ಎಲೆ ನೆಟ್ಟರೆ ಬೇರು ಬಂದೀತು, ಮೊಗ್ಗಿಲ್ಲದೆ ಗಿಡ ಆಗಲ್ಲ. ಬೀಜದಿಂದ ಬಂದದ್ದು ತಾಯಿಯ ಹಾಗೆಯೇ ಇರುತ್ತದೆ ಅಂತ ಹೇಳಲಾಗದು. ಬುಡ ಬೋಳಾಗಿ ತುದಿಯಲ್ಲಿ ಮಾತ್ರ ಎಲೆ ಉಳಿದ ಉದ್ದದ ಗಿಡಕ್ಕೆ ಗೂಟಿ ಕಟ್ಟುವುದು ಒಳ್ಳೆಯದು. ತುದಿಯ ಎಲೆಗಳ ಕೆಳಗೆ ಒಂದು ಇಂಚು ತೊಗಟೆಯನ್ನು ಬಳೆಯಂತೆ ಸುತ್ತ ತೆಗೆದು, ಒದ್ದೆ ಪಾಚಿ ಸುತ್ತಿ ಪ್ಲಾಸ್ಟಿಕ್ ಕಟ್ಟಿ. ಬೇರು ಪ್ಲಾಸ್ಟಿಕ್ಕಿನೊಳಗೆ ಕಣ್ಣಿಗೆ ಕಂಡ ಮೇಲೆ ಕತ್ತರಿಸಿ ನೆಡಿ. ಕೆಳಗೆ ಉಳಿದ ಮೋಟು ಕೂಡ ಚಿಗುರುತ್ತದೆ. ಒಂದಿದ್ದದ್ದು ಎರಡಾಯಿತು.

ಜಾತಿಗಳ ಬಗ್ಗೆ ಹೆಚ್ಚು ಹೇಳಲ್ಲ, ನೂರಾರು ಇವೆ. ಬಾಲ್ಕನಿ ಚಿಕ್ಕದಿದ್ದರೆ ಎಲೆ ಸುರುಳಿ ಸುತ್ತಿಕೊಳ್ಳುವ ಮ್ಯಾಮಿ ಚೆನ್ನ, ಜಾಗ ಕಡಿಮೆ ಸಾಕು. ಹುಲ್ಲಿನಂಥ ಸಪೂರ ಎಲೆಯ ಜಾಂಜಿಬಾರ್ ನನಗೆ ಇಷ್ಟ, ಕೊಳ್ಳುವವರು ಯಾಕೋ ಅದನ್ನು ಕೇಳುವುದೇ ಕಮ್ಮಿ. ಹಸಿರಿನ ಮೇಲೆ ಹಳದಿ ಚುಕ್ಕಿಯ ಗೋಲ್ಡ್ ಡಸ್ಟ್ ಬೆಳಕು ತುಸು ಕಮ್ಮಿಯಾದರೂ ತಾಳಿಕೊಳ್ಳುತ್ತದೆ. ತುಸು ಅಂದೆ, ಮೂಲೆ ಅಂದಿಲ್ಲ. ಯಾವ ಜಾತಿಯಾದರೂ ಬಣ್ಣದ ಗಿಡದಲ್ಲಿ ಒಂದು ಕೊಂಬೆ ಪೂರ್ತಿ ಹಸಿರಾಗಿ ಬಂದರೆ ಬುಡದಿಂದಲೇ ತೆಗೆದುಬಿಡಿ. ಅದು ಬಣ್ಣದ ಕೊಂಬೆಗಳಿಗಿಂತ ಜೋರಾಗಿ ಬೆಳೆದು ಗಿಡವನ್ನೇ ನುಂಗುತ್ತದೆ. ಹೂವಿನ ವಿಷಯಕ್ಕೆ ಬಂದರೆ, ಉದ್ದನೆ ದಾರದಂಥ ಗೊಂಚಲಿನಲ್ಲಿ ಸಣ್ಣ ಬಿಳಿ ಹೂ ಬರುತ್ತವೆ. ಅವು ಗಂಡು ಹೂ. ಹೆಣ್ಣು ಹೂಗಳದ್ದು ಬೇರೆ ಗೊಂಚಲು, ಅವಕ್ಕೆ ಎಸಳೂ ಇಲ್ಲ. ಎಲೆಗಾಗಿ ಬೆಳೆಸುವವರು ಹೂಗೊಂಚಲು ಚಿವುಟಿ ಹಾಕಿದರೆ ನಷ್ಟ ಇಲ್ಲ.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಯಾವ ಗಿಡದ ಬಗ್ಗೆ ಹಾಕಿದರೂ ಅದಕ್ಕೆ ಎಷ್ಟು ಬೆಳಕು ಬೇಕು ಅನ್ನುವುದನ್ನು ಮೊದಲ ಸಾಲಿನಲ್ಲೇ ಹಾಕಿ. ಫೋಟೋ ತೆಗೆದ ಜಾಗದಲ್ಲೇ ಆ ಗಿಡ ಬೆಳೆದದ್ದಾ, ಸುಮ್ನೆ ತಂದು ಇಟ್ಟದ್ದಾ ಅಂತ ಬರೆದವರನ್ನು ಒಮ್ಮೆ ಕೇಳಿ.

ನಿಮ್ಮ ಬರಹ ಓದಿ ಈಗಾಗಲೇ ಮೂಲೆಯಲ್ಲಿಟ್ಟು, ಎಲೆ ಎಲ್ಲಾ ಉದುರಿಸಿಕೊಂಡು ಕೂತಿರುವ ಓದುಗರಿಗೆ ಎರಡು ಮಾತು. ಕಡ್ಡಿ ಎಸೆಯಬೇಡಿ. ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಾಗಿ, ಒಂದು ಹನಿ ಹಾಲು ಬಂದರೆ ಜೀವ ಇದೆ. ಒಣಗಿ ಕಂದಾಗಿದ್ದರೆ ಇನ್ನೂ ಕೆಳಗೆ ಕೆರೆಯಿರಿ, ಹಸಿರು ಸಿಗುವ ಕಡೆಗೆ ಕತ್ತರಿಸಿ. ಕುಂಡವನ್ನು ಬೆಚ್ಚಗಿನ, ಬೆಳಕಿರುವ ಜಾಗಕ್ಕೆ ತನ್ನಿ, ಸದ್ಯಕ್ಕೆ ನೇರ ಬಿಸಿಲು ಬೇಡ. ಎಲೆಯೇ ಇಲ್ಲದ ಗಿಡ ನೀರು ಕುಡಿಯುವುದು ಬಹಳ ಕಮ್ಮಿ, ಆದ್ದರಿಂದ ಮಣ್ಣು ಚೆನ್ನಾಗಿ ಒಣಗಿದ ಮೇಲೆಯೇ ನೀರು. ಗೆಣ್ಣುಗಳಲ್ಲಿ ಮೊಗ್ಗು ಉಬ್ಬಲು ವಾರಗಟ್ಟಲೆ ಆಗಬಹುದು. ಅಲ್ಲಿಯವರೆಗೆ ಗೊಬ್ಬರ ಮುಟ್ಟಬೇಡಿ. ಹೊಸ ಎಲೆ ಮೂರು ನಾಲ್ಕು ಪೂರ್ತಿ ಬಿಚ್ಚಿಕೊಂಡ ಮೇಲೆ, ಡಬ್ಬಿಯ ಮೇಲೆ ಹೇಳಿದ್ದರ ಅರ್ಧದಷ್ಟು ಕೊಡಿ. ಸಾರಜನಕ ಜಾಸ್ತಿ ಇರುವ ಗೊಬ್ಬರ ಬೇಡ, ಎಲೆ ಹಸಿರಿಗೆ ತಿರುಗುತ್ತದೆ.

ಇಂತಿ,
ಕುಂಡ ಹೊರುವ ನಿಮ್ಮ ಓದುಗ